ದೇವರ ಸ್ನೇಹಿತರಿಗೆ ಸಿಗುವುದೇನು, ಅವರ ಹೆಗಲಿಗೆ ಬೀಳುವುದೇನು?

ಪ್ರಶ್ನೆ: ಅಬ್ರಹಾಮನು ದೇವರ ಸ್ನೇಹಿತನೆಂದು ಬೈಬಲ್ ಹೇಳುತ್ತದೆ. ಯೇಸುವೂ ಶಿಷ್ಯರನ್ನು ಸ್ನೇಹಿತರೆಂದರು. ನಮ್ಮ ಸಭೆಯಲ್ಲಿ “ನೀವು ದೇವರ ಸ್ನೇಹಿತರು, ಧೈರ್ಯವಾಗಿ ಕೇಳಿ, ಕೊಟ್ಟೇ ಕೊಡುತ್ತಾರೆ” ಎಂದು ಬೋಧಿಸುತ್ತಾರೆ. ಮಗನ ಕೆಲಸಕ್ಕಾಗಿ ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ, ಸಿಕ್ಕಿಲ್ಲ. ಸ್ನೇಹಿತರಿಗೆ ನಿಜವಾಗಿ ಇರುವ ಹಕ್ಕುಗಳೇನು, ಹೊಣೆಗಳೇನು? ಸ್ನೇಹ ಅಂದಮೇಲೆ ಭಯಭಕ್ತಿ ಇನ್ನೂ ಬೇಕೆ? ಆಸ್ತಿ ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ಅದೇನಾದರೂ ನನ್ನ ಪ್ರಾರ್ಥನೆಗೆ ಅಡ್ಡಿಯಾಗಿದೆಯೇ?

ಉತ್ತರ: ನೀವು ಕೇಳಿದ ಬೋಧನೆ ಪೂರ್ತಿ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ. ತಾಲ್ಲೂಕು ಕಚೇರಿಯಲ್ಲಿ ಪರಿಚಯದವರಿದ್ದರೆ ನಮ್ಮ ಕಡತ ಬೇಗ ಸರಿಯುತ್ತದಲ್ಲ, ದೇವರ ಸ್ನೇಹವನ್ನೂ ಹಾಗೆ ಒಂದು ವಶೀಲಿ ಎಂದುಕೊಂಡು ಅನೇಕರು ಪ್ರಾರ್ಥಿಸುತ್ತಾರೆ. ಬೈಬಲಿನಲ್ಲಿ ಈ ಸ್ನೇಹ ಕಾಣಿಸುವ ಮುಖ್ಯ ಜಾಗಗಳನ್ನು ಬಿಡಿಸಿ ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಅಲ್ಲಿ ದೇವರ ಸ್ನೇಹಿತ ಎಂದರೆ ದೇವರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಕೇಳಿಸಿಕೊಂಡವನು. ಕೇಳಿಸಿಕೊಂಡ ಮೇಲೆ ಸುಮ್ಮನಿರಲು ಆಗದವನು. ಅವನಿಗೆ ಸಿಕ್ಕ ಸಲಿಗೆ ಹೆಚ್ಚಾಗಿ ಖರ್ಚಾಗುವುದು ಬೇರೆಯವರಿಗಾಗಿ.

ಇದಕ್ಕೆ ಹಿನ್ನೆಲೆಯೊಂದಿದೆ. ಹಳೆಯ ಇಸ್ರಾಯೇಲಿನಲ್ಲಿ ‘ಅರಸನ ಸ್ನೇಹಿತ’ ಎಂಬುದು ಆಸ್ಥಾನದ ಒಂದು ಸ್ಥಾನವೇ ಆಗಿತ್ತು. ದಾವೀದನಿಗೆ ಹೂಷೈ ಇದ್ದ (2 ಸಮುವೇಲ 15:37), ಸೊಲೊಮೋನನ ಅಧಿಕಾರಿಗಳ ಪಟ್ಟಿಯಲ್ಲಿ ಜಾಬೂದನ ಹೆಸರಿದೆ (1 ಅರಸುಗಳು 4:5). ಇಂಥವರಿಗೆ ಅರಸನ ಒಳಕೋಣೆಯವರೆಗೆ ಪ್ರವೇಶ, ಆಲೋಚನಾ ಸಭೆಯಲ್ಲಿ ಜಾಗ. ಅದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ದಾವೀದನ ಮಗ ಅಬ್ಷಾಲೋಮನು ತಂದೆಯ ಮೇಲೆ ದಂಗೆಯೆದ್ದಾಗ ಹೂಷೈ ದಾವೀದನ ಮಾತಿನಂತೆ ಶತ್ರುವಿನ ಆಸ್ಥಾನಕ್ಕೇ ಹಿಂತಿರುಗಿ, ಜೀವ ಪಣಕ್ಕಿಟ್ಟು ಅಬ್ಷಾಲೋಮನ ಮಂತ್ರಾಲೋಚಕ ಅಹೀತೋಫೆಲನ ಸಲಹೆಯನ್ನು ಕೆಡಿಸಿದ. ರೋಮ್ ಕಾಲದಲ್ಲೂ ಇದೇ ಮಾತಿನ ಧಾಟಿ ಉಳಿದಿತ್ತು. ಯೇಸುವಿನ ವಿಚಾರಣೆಯಲ್ಲಿ “ಇವನನ್ನು ಬಿಟ್ಟರೆ ನೀನು ಕೈಸರನ ಸ್ನೇಹಿತನಲ್ಲ” ಎಂದು ರೋಮಿನ ಅಧಿಪತಿ ಪಿಲಾತನನ್ನು ಹೆದರಿಸಿದ್ದು (ಯೋಹಾನ 19:12) ಸ್ನೇಹದಲ್ಲಿ ನಿಷ್ಠೆಯ ಲೆಕ್ಕ ಇದ್ದುದರಿಂದಲೇ.

ಈಗ ಅಬ್ರಹಾಮನ ವಿಷಯ. ಅವನನ್ನು ದೇವರ ಸ್ನೇಹಿತ ಎನ್ನುವ ವಾಕ್ಯಗಳು ಮೂರು: 2 ಪೂರ್ವಕಾಲವೃತ್ತಾಂತ 20:7, ಯೆಶಾಯ 41:8, ಯಾಕೋಬ 2:23. ಸ್ನೇಹ ಹೇಗೆ ನಡೆಯುತ್ತದೆ ಎಂದು ತೋರಿಸುವುದು ಮಾತ್ರ ಆದಿಕಾಂಡ 18. ಪಾಪ ತುಂಬಿದ ಸೊದೋಮ್ ಊರಿಗೆ ತಾವು ಮಾಡಲಿರುವುದನ್ನು, ಅಂದರೆ ಅದರ ನಾಶವನ್ನು, ಅಬ್ರಹಾಮನಿಗೆ ಮರೆಮಾಡಲೇ ಎಂದು ದೇವರು ತಮ್ಮಲ್ಲೇ ಕೇಳಿಕೊಳ್ಳುತ್ತಾರೆ (18:17). ಮರೆಮಾಡದಿರಲು ಕಾರಣವೂ ಅಲ್ಲೇ ಇದೆ: ಇವನು ತನ್ನ ಮನೆಯವರಿಗೆ ನೀತಿ ನ್ಯಾಯಗಳನ್ನು ಕಲಿಸಬೇಕಾದವನು. ವಿಷಯ ತಿಳಿದ ಅಬ್ರಹಾಮ ಚೌಕಾಸಿಗೆ ಇಳಿಯುತ್ತಾನೆ. ಐವತ್ತು ನೀತಿವಂತರಿದ್ದರೆ? ನಲವತ್ತೈದು? ನಲವತ್ತು, ಮೂವತ್ತು, ಇಪ್ಪತ್ತು, ಕೊನೆಗೆ ಹತ್ತು. ಆರು ಸಲ ಕೇಳಿದ, ಆರು ಸಲವೂ ದೇವರು ಒಪ್ಪಿದರು. ತನಗಾಗಿ ಅವನು ಒಂದು ಮಾತೂ ಆಡಲಿಲ್ಲ. ತಮ್ಮನ ಮಗ ಲೋಟ ಆ ಊರಿನಲ್ಲೇ ಇದ್ದರೂ ಅವನ ಹೆಸರೆತ್ತಲಿಲ್ಲ, ಇಡೀ ಊರಿನ ಪರವಾಗಿ ನಿಂತ. ಊರು ಉಳಿಯಲಿಲ್ಲ. ಆದರೆ ದೇವರು ಅಬ್ರಹಾಮನನ್ನು ನೆನಪಿಸಿಕೊಂಡು ಲೋಟನನ್ನು ಹೊರಗೆ ಕಳುಹಿಸಿದರು (19:29). ಕೇಳಿದ್ದೊಂದು, ದೊರೆತದ್ದೊಂದು. ಪ್ರಾರ್ಥನೆ ವ್ಯರ್ಥವಾಯಿತು ಎನ್ನುವ ಮುಂಚೆ ಈ ಒಂದು ವಾಕ್ಯವನ್ನು ಓದಬೇಕು.

ಮೋಶೆಯದು ಇನ್ನೂ ತೀಕ್ಷ್ಣ. ಒಬ್ಬನು ತನ್ನ ಸ್ನೇಹಿತನೊಡನೆ ಮಾತಾಡುವಂತೆ ದೇವರು ಅವನೊಡನೆ ಮುಖಾಮುಖಿಯಾಗಿ ಮಾತಾಡುತ್ತಿದ್ದರು ಎಂಬ ವಾಕ್ಯ ವಿಮೋಚನಕಾಂಡ 33:11ರಲ್ಲಿದೆ. ಅದರ ಹಿಂದಿನ ಅಧ್ಯಾಯವೇ ಜನರು ಚಿನ್ನದ ಬಸವನನ್ನು ಮಾಡಿ ಪೂಜಿಸಿದ ಕಥೆ. “ಈ ಜನರನ್ನು ಮುಗಿಸಿ ನಿನ್ನಿಂದಲೇ ದೊಡ್ಡ ಜನಾಂಗ ಮಾಡುತ್ತೇನೆ” ಎಂದು ದೇವರು ಹೇಳಿದಾಗ ಮೋಶೆ ಒಪ್ಪಿಕೊಂಡಿದ್ದರೆ ಅವನ ವಂಶಕ್ಕೆ ಲಾಭ. ಅವನು ಒಪ್ಪಲಿಲ್ಲ, ಮೂರು ವಾದ ಹೂಡಿದ: ಇವರು ನೀನೇ ಬಿಡಿಸಿ ತಂದ ಜನ; ಐಗುಪ್ತದವರು ನಿನ್ನನ್ನು ಏನೆಂದುಕೊಂಡಾರು; ಅಬ್ರಹಾಮ, ಇಸಾಕ, ಇಸ್ರಾಯೇಲರಿಗೆ ನೀನು ಆಣೆಯಿಟ್ಟು ಹೇಳಿದ್ದೀಯಲ್ಲ (32:11-13). ಆಮೇಲೆ, ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೇ ಅಳಿಸಿಬಿಡು ಎಂದ. ಜನ ಉಳಿದರು. ಇದೇ ಮೋಶೆ ಮುಂದೆ ತನಗಾಗಿ ಒಂದು ಆಸೆ ಮುಂದಿಟ್ಟ: ಯೊರ್ದನ್ ದಾಟಿ ಆ ಒಳ್ಳೆಯ ದೇಶವನ್ನು ನೋಡಬೇಕು. ಸಾಕು, ಈ ಮಾತು ಮತ್ತೆ ಎತ್ತಬೇಡ ಎಂಬ ಉತ್ತರ ಬಂತು (ಧರ್ಮೋಪದೇಶಕಾಂಡ 3:23-26). ದೇಶವನ್ನು ಬೆಟ್ಟದ ಮೇಲಿಂದ ತೋರಿಸಿದರು, ಒಳಗೆ ಬಿಡಲಿಲ್ಲ. ಮುಖಾಮುಖಿ ಮಾತಾಡಿದ ಸ್ನೇಹಿತನಿಗೇ ಇಲ್ಲ ಎಂಬ ಉತ್ತರ ಬಂದಿರುವಾಗ, ನಿಮಗೆ ನಾಲ್ಕು ವರ್ಷ ಉತ್ತರ ಬಾರದಿರುವುದನ್ನು ಸ್ನೇಹ ಮುರಿದ ಗುರುತೆಂದು ಓದಬೇಡಿ. ನಿಮ್ಮ ನಂಬಿಕೆ ಸಾಲದು ಎಂದು ಯಾರಾದರೂ ಹೇಳಿದರೆ ಈ ಅಧ್ಯಾಯ ತೆರೆದು ತೋರಿಸಿ.

ಯೇಸುವಿನ ಮಾತು ಯೋಹಾನ 15:12-17ರಲ್ಲಿದೆ. ಆಳಿಗೆ ಯಜಮಾನನ ಕೆಲಸದ ಗುಟ್ಟು ತಿಳಿಯದು, ನಿಮಗಾದರೋ ತಂದೆಯಿಂದ ಕೇಳಿದ್ದೆಲ್ಲವನ್ನೂ ತಿಳಿಸಿದ್ದೇನೆ, ಆದ್ದರಿಂದ ನೀವು ಸ್ನೇಹಿತರು ಎಂಬುದು ಅದರ ಸಾರ. ಇಲ್ಲೂ ಮೊದಲ ಹಕ್ಕು ತಿಳಿವಳಿಕೆಯದೇ. ‘ನಾನು ಆಜ್ಞಾಪಿಸಿದ್ದನ್ನು ಮಾಡಿದರೆ ಸ್ನೇಹಿತರು’ ಎಂಬ ಷರತ್ತು ಅನೇಕರಿಗೆ ಇರುಸುಮುರುಸು ತರುತ್ತದೆ. ಆ ಆಜ್ಞೆ ಯಾವುದು? 12ನೇ ವಾಕ್ಯದಲ್ಲೂ 17ನೇ ವಾಕ್ಯದಲ್ಲೂ ಒಂದೇ: ಒಬ್ಬರನ್ನೊಬ್ಬರು ಪ್ರೀತಿಸಿರಿ. ಸ್ನೇಹದ ಇಡೀ ಮಾತು ಈ ಎರಡು ವಾಕ್ಯಗಳ ನಡುವೆ ಇದೆ. ಬೇಡಿಕೊಂಡದ್ದು ಸಿಗುತ್ತದೆ ಎಂಬ 16ನೇ ವಾಕ್ಯವೂ ಹಾಗೆಯೇ. ಅದಕ್ಕೆ ಮುಂಚೆ ‘ನೀವು ಹೋಗಿ ಉಳಿಯುವ ಫಲ ಕೊಡಲೆಂದು ನಿಮ್ಮನ್ನು ನೇಮಿಸಿದ್ದೇನೆ’ ಎಂದಿದೆ. ಬೇಡಿಕೆಗೆ ಸಿಕ್ಕ ಮಾತು ಆ ನೇಮಕದ ಕೆಲಸಕ್ಕೆ ಸೇರಿದ್ದು. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಕೆಲವೊಮ್ಮೆ “ಬೇಡಿಕೊಳ್ಳಿರಿ, ದೊರೆಯುವುದು” ಎಂಬ ಅರ್ಧ ವಾಕ್ಯ ಮಾತ್ರ ಅಚ್ಚಾಗಿರುತ್ತದೆ. ಕಾರ್ಡು ಸಿಕ್ಕಿದ ದಿನವೇ ಬೈಬಲ್ ತೆರೆದು ಹಿಂದಿನ ಐದು, ಮುಂದಿನ ಐದು ವಾಕ್ಯ ಓದುವ ಅಭ್ಯಾಸ ಮಾಡಿಕೊಂಡರೆ ಎಷ್ಟೋ ನಿರಾಶೆ ತಪ್ಪುತ್ತದೆ.

ಹಾಗಾದರೆ ವಿಧೇಯತೆಯಿಂದ ಈ ಸ್ನೇಹವನ್ನು ಸಂಪಾದಿಸಬೇಕೆ? ಇಲ್ಲ. ನೀವು ನನ್ನನ್ನು ಆರಿಸಿಕೊಳ್ಳಲಿಲ್ಲ, ನಾನೇ ನಿಮ್ಮನ್ನು ಆರಿಸಿಕೊಂಡೆ ಎಂದು ಅದೇ ಮಾತುಕತೆಯಲ್ಲಿದೆ. ನಾವು ದೇವರಿಗೆ ಶತ್ರುಗಳಾಗಿದ್ದಾಗಲೇ ಅವರೊಡನೆ ಸಮಾಧಾನವಾಯಿತು ಎನ್ನುತ್ತಾನೆ ಪೌಲ (ರೋಮಾಪುರ 5:10). ಸ್ನೇಹಿತರೆಂದು ಕರೆಸಿಕೊಂಡ ಆ ಶಿಷ್ಯರು ಅದೇ ರಾತ್ರಿ ಚದುರಿ ಓಡಿದರು, ಪೇತ್ರ ಮೂರು ಸಲ ಗುರುತೇ ಇಲ್ಲವೆಂದ. ವಿಧೇಯತೆ ಸ್ನೇಹಕ್ಕೆ ಕಟ್ಟುವ ಶುಲ್ಕವಲ್ಲ, ಸ್ನೇಹವಿರುವ ಬದುಕು ಹೊರಗೆ ಕಾಣುವ ರೀತಿ ಅದು.

ತಪ್ಪು ಮಾಡಿದಾಗ ಈ ಸ್ನೇಹ ಏನಾಗುತ್ತದೆ ಎಂಬಲ್ಲಿ ಸಭೆಗಳ ಬೋಧನೆ ಬೇರೆಯಾಗುತ್ತದೆ. ಕಥೋಲಿಕ ಬೋಧನೆಯಂತೆ ನೀತೀಕರಣ ಹೊಂದಿದವನು, ಅಂದರೆ ದೇವರ ಕೃಪೆಯಿಂದ ನೀತಿವಂತನಾದವನು, ಶತ್ರುವಿನಿಂದ ಸ್ನೇಹಿತನಾಗುತ್ತಾನೆ (ಟ್ರೆಂಟ್ ಮಹಾಸಭೆ ಇದನ್ನು 1547ರಲ್ಲಿ ಬರೆದಿಟ್ಟಿತು). ಮಾರಕ ಪಾಪ ಆ ಸ್ನೇಹವನ್ನು ಮುರಿಯುತ್ತದೆ, ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯ ಸಂಸ್ಕಾರ ಮತ್ತೆ ಕೂಡಿಸುತ್ತದೆ. ಬಹುಪಾಲು ಪ್ರೊಟೆಸ್ಟೆಂಟ್ ಸಭೆಗಳು ಪಾಪದಿಂದ ಅನ್ಯೋನ್ಯತೆ ಕೆಡುತ್ತದೆ ಎಂದು ಬೋಧಿಸಿ, ನೇರವಾಗಿ ದೇವರಿಗೆ ಅರಿಕೆಮಾಡಿ ತಿರುಗಿಕೊಳ್ಳಿ ಎಂದು 1 ಯೋಹಾನ 1:9ನ್ನು ತೋರಿಸುತ್ತವೆ. ನಿಮ್ಮ ಸಭೆ ಯಾವುದಾದರೂ ಒಂದು ಸಾಮಾನ್ಯ ನಿಯಮ ಇದೆ: ತಪ್ಪಿನ ಹೆಸರು ಹೇಳಿ ಒಪ್ಪಿಕೊಳ್ಳಬೇಕು. “ನಾನು ಪಾಪಿ” ಎಂಬ ಒಟ್ಟು ಮಾತು ಸುಲಭ. “ಮಂಗಳವಾರ ಇಂಥವರ ಬಗ್ಗೆ ಸುಳ್ಳು ಹೇಳಿದೆ” ಎನ್ನುವುದು ಕಷ್ಟ, ಕೆಲಸಕ್ಕೆ ಬರುವುದೂ ಅದೇ.

ಭಯಭಕ್ತಿಯ ಪ್ರಶ್ನೆಗೆ ಚಿಕ್ಕ ಉತ್ತರ: ಬೇಕು. ದೇವರ ಆಪ್ತಾಲೋಚನೆ ಅವರಿಗೆ ಭಯಪಡುವವರಿಗೆ ದೊರೆಯುತ್ತದೆ ಎಂದು ಕೀರ್ತನೆ 25:14 ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿದೆ. ಆರು ಸಲ ಚೌಕಾಸಿ ಮಾಡಿದ ಅಬ್ರಹಾಮ ನಡುವೆಯೇ ತನ್ನನ್ನು ಮಣ್ಣು ಬೂದಿ ಎಂದುಕೊಂಡ. ಸುವಾರ್ತೆಗಳಲ್ಲಿ ಯೇಸು ಶಿಷ್ಯರನ್ನು ಸ್ನೇಹಿತರೆಂದರು, ಶಿಷ್ಯರು ಅವರನ್ನು ಕರೆದದ್ದು ಗುರು, ಕರ್ತ ಎಂದೇ. ಭಯ ಎಂದರೆ ಇಲ್ಲಿ ಶಿಕ್ಷೆಯ ನಡುಕವಲ್ಲ, ಎದುರಿಗಿರುವವರು ಯಾರು ಎಂಬುದನ್ನು ಮರೆಯದಿರುವುದು. ಇಷ್ಟು ಅಂತರವಿದ್ದರೆ ಸ್ನೇಹವೇ ಸಾಧ್ಯವಿಲ್ಲ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ವಾದಿಸಿದ್ದ. ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ (1225–1274) ಆ ವಾದಕ್ಕೆ ಕೊಟ್ಟ ಉತ್ತರ, ದೇವರು ತಮ್ಮ ಆನಂದವನ್ನೇ ಮನುಷ್ಯನೊಡನೆ ಹಂಚಿಕೊಳ್ಳುವುದರಿಂದ ಆ ಹಂಚಿಕೆಯ ಮೇಲೆ ಸ್ನೇಹ ನಿಲ್ಲುತ್ತದೆ ಎಂಬುದು. ಅಂತರ ಹಾಗೇ ಇರುತ್ತದೆ, ಹಂಚಿಕೆ ಅದನ್ನು ದಾಟಿ ಬರುತ್ತದೆ.

ಇನ್ನು ದಿನದಿನದ ರೂಢಿ. ಯೇಸುಸಭೆಯ ಸ್ಥಾಪಕ, ಲೊಯೋಲದ ಸಂತ ಇಗ್ನೇಷಿಯಸ್ (1491–1556) ಧ್ಯಾನದ ಕೊನೆಯಲ್ಲಿ ಮಾಡಬೇಕಾದ ಸಂಭಾಷಣೆಗೆ ಒಂದು ಅಳತೆ ಕೊಟ್ಟಿದ್ದಾರೆ: ಸ್ನೇಹಿತನು ಸ್ನೇಹಿತನೊಡನೆ, ಇಲ್ಲವೇ ಸೇವಕನು ಯಜಮಾನನೊಡನೆ ಮಾತಾಡುವಂತೆ, ಒಮ್ಮೆ ಕೃಪೆ ಕೇಳುತ್ತ, ಒಮ್ಮೆ ತಪ್ಪು ಒಪ್ಪಿಕೊಳ್ಳುತ್ತ, ಒಮ್ಮೆ ತನ್ನ ವಿಷಯಗಳನ್ನು ಹೇಳಿಕೊಂಡು ಸಲಹೆ ಕೇಳುತ್ತ. ನಾಲ್ಕು ವರ್ಷ ಬರೀ ಮೊದಲನೆಯದೇ ನಡೆದಿದ್ದರೆ ಮಾತು ಬತ್ತಿಹೋಗುವುದು ಸಹಜ. ಶುರುಮಾಡುವವರಿಗೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಐದು ನಿಮಿಷ ಸುವಾರ್ತೆಯ ಹತ್ತು ಹದಿನೈದು ವಾಕ್ಯ, ಓಡದೆ ಓದಿ. ಹತ್ತು ನಿಮಿಷ ಮಾತು. ಉಳಿದ ಐದು ನಿಮಿಷ ಮೌನ. ಈ ಮೌನವನ್ನೇ ಎಲ್ಲರೂ ಮೊದಲು ಬಿಡುತ್ತಾರೆ, ಮನಸ್ಸು ಅಡುಗೆ, ಬಸ್ಸು, ಬಾಡಿಗೆ ಎಂದು ಓಡುತ್ತದೆಂಬ ಕಾರಣಕ್ಕೆ. ಓಡಲಿ. ಓಡಿದ ಕಡೆಯನ್ನೇ ಪ್ರಾರ್ಥನೆಯ ವಿಷಯ ಮಾಡಿಕೊಳ್ಳಿ, ಅದೇ ನಿಮ್ಮ ನಿಜವಾದ ಚಿಂತೆ. ರಾತ್ರಿ ಮಲಗುವ ಮುಂಚೆ ಇಗ್ನೇಷಿಯಸರದೇ ಐದು ಹೆಜ್ಜೆಯ ಆತ್ಮಪರೀಕ್ಷೆ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ಒಂದು ತೀರ್ಮಾನ. ತೀರ್ಮಾನ ಒಂದೇ ಇರಲಿ. ಮೂರು ನಾಲ್ಕು ಮಾಡಿಕೊಂಡವರು ಒಂದನ್ನೂ ಉಳಿಸಿಕೊಳ್ಳುವುದಿಲ್ಲ.

ಸ್ನೇಹಿತನಿಗೆ ದೂರುವ ಹಕ್ಕೂ ಇದೆ. ನಮ್ಮ ಸಭೆಗಳಲ್ಲಿ ಇದನ್ನು ಹೇಳಿಕೊಡುವುದೇ ಅಪರೂಪ, ದುಃಖದಲ್ಲಿರುವವರಿಗೂ ಬರೀ ಸ್ತೋತ್ರ ಹೇಳಿಸುತ್ತೇವೆ. ಕೀರ್ತನೆ 13ನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಅದರಲ್ಲಿರುವುದು ಆರೇ ವಾಕ್ಯ. ಮೊದಲ ಎರಡರಲ್ಲಿ “ಎಷ್ಟರ ತನಕ” ಎಂದು ನಾಲ್ಕು ಸಲ ದೂರು, ನಡುವಿನ ಎರಡರಲ್ಲಿ ಸ್ಪಷ್ಟ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಮಗನ ಹೆಸರು ಹಾಕಿ ಇದೇ ಕ್ರಮದಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಭರವಸೆಯ ಭಾಗ ಬರದಿದ್ದರೆ ಒತ್ತಾಯದಿಂದ ಸೇರಿಸಬೇಡಿ. ಕತ್ತಲೆಯಲ್ಲೇ ಮುಗಿಯುವ 88ನೇ ಕೀರ್ತನೆಯನ್ನೂ ಬೈಬಲ್ ಇಟ್ಟುಕೊಂಡಿದೆ. ಅಂದಹಾಗೆ, ಮಗನಿಗೆ ಏನು ಕೆಲಸ ಬೇಕೆಂದು ಅವನನ್ನೇ ಕೇಳಿದ್ದೀರಾ? ಅವನು ಒಪ್ಪಿದರೆ ಅವನ ಜೊತೆ ಕೂತು ಪ್ರಾರ್ಥಿಸಿ. ಅವನಿಗೆ ಬೇಡದ ಕೆಲಸಕ್ಕಾಗಿ ಹೆತ್ತವರು ವರ್ಷಗಟ್ಟಲೆ ಪ್ರಾರ್ಥಿಸುವುದುಂಟು.

ಬೇರೆಯವರಿಗಾಗಿ ಬೇಡುವುದು ಈ ಸ್ನೇಹದ ಮುಖ್ಯ ಹೊಣೆ. ಉದ್ದನೆಯ ಪಟ್ಟಿ ಮಾಡಿದರೆ ಅದು ಹಾಜರಿ ಪುಸ್ತಕದ ಓದಾಗುತ್ತದೆ. ದಿನಕ್ಕೆ ಮೂರು ಹೆಸರಿನಂತೆ ವಾರಕ್ಕೆ ಇಪ್ಪತ್ತೊಂದು ಇಟ್ಟುಕೊಳ್ಳಿ, ಒಬ್ಬೊಬ್ಬರಿಗೂ ಒಂದು ಖಚಿತ ಬೇಡಿಕೆ, ಮೋಶೆಯಂತೆ ಒಂದು ಕಾರಣ. ಪ್ರಾರ್ಥಿಸಿದವರ ಪೈಕಿ ಒಬ್ಬರಿಗಾದರೂ ಆ ವಾರ ಕೈಯಿಂದ ಆಗುವ ಕೆಲಸ ಮಾಡಿ: ಆಸ್ಪತ್ರೆಗೆ ಊಟ ಒಯ್ಯುವುದು, ಅರ್ಜಿ ತುಂಬಿಕೊಡುವುದು. ಮಧ್ಯರಾತ್ರಿ ಬಾಗಿಲು ತಟ್ಟಿದ ಸ್ನೇಹಿತನ ಸಾಮ್ಯದಲ್ಲೂ (ಲೂಕ 11:5-8) ಅವನು ಮೂರು ರೊಟ್ಟಿ ಕೇಳಿದ್ದು ತನ್ನ ಹಸಿವೆಗಲ್ಲ, ಮನೆಗೆ ಬಂದ ಅತಿಥಿಗೆ.

ಇಲ್ಲಿ ಎರಡು ಕಡೆ ದಾರಿ ತಪ್ಪುತ್ತದೆ. ಒಂದು, ‘ಪ್ರಾರ್ಥನಾ ವಿಷಯ’ ಎಂಬ ಹೆಸರಿನಲ್ಲಿ ಇನ್ನೊಬ್ಬರ ಮನೆಯ ಗುಟ್ಟು ಬಯಲಾಗುವುದು. ಆ ಮನೆಯವರ ಒಪ್ಪಿಗೆಯಿಲ್ಲದೆ ರೋಗ, ಸಾಲ, ವಿಚ್ಛೇದನ, ಗರ್ಭದ ವಿಷಯಗಳನ್ನು ಕೂಟದಲ್ಲೂ ವಾಟ್ಸಾಪ್ ಗುಂಪಿನಲ್ಲೂ ಹೇಳಬಾರದು. ಹೆಸರಿಲ್ಲದೆ “ಒಂದು ಕುಟುಂಬಕ್ಕಾಗಿ” ಎಂದರೂ ಸಣ್ಣ ಸಭೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಇನ್ನೊಂದು, “ದೇವರು ನನಗೆ ಹೇಳಿದರು” ಎಂಬ ಮಾತು. ಸ್ನೇಹಿತರಿಗೆ ತಿಳಿಸುತ್ತೇನೆ ಎಂಬ ವಾಕ್ಯವನ್ನೇ ಹಿಡಿದು ಮದುವೆ, ಹಣ, ಜಮೀನಿನ ತೀರ್ಮಾನಗಳನ್ನು ಬೇರೆಯವರ ಮೇಲೆ ಹೇರುವವರಿದ್ದಾರೆ. ಎಲ್ಲ ಆತ್ಮಗಳನ್ನೂ ನಂಬಬೇಡಿ, ಪರೀಕ್ಷಿಸಿ ಎಂದು 1 ಯೋಹಾನ 4:1 ಹೇಳುತ್ತದೆ. ಮನಸ್ಸಿಗೆ ಬಂದದ್ದನ್ನು ಬರೆದಿಡಿ, ಕೆಲವು ವಾರ ಬಿಡಿ, ನಿಮ್ಮನ್ನು ಹೊಗಳದ ಇಬ್ಬರು ಹಿರಿಯರಿಗೆ ತೋರಿಸಿ. ವಿಷಯ ಇನ್ನೊಬ್ಬರ ಬದುಕಿಗೆ ಸೇರಿದ್ದಾದರೆ ಬೇಡ ಎನ್ನುವ ಪೂರ್ಣ ಹಕ್ಕು ಅವರಿಗಿದೆ.

ಕೊನೆಗೆ ಅಣ್ಣನ ವಿಷಯ. ನಿಮ್ಮ ಜಗಳಕ್ಕೆ ಶಿಕ್ಷೆಯಾಗಿ ಮಗನಿಗೆ ಕೆಲಸ ಸಿಗುತ್ತಿಲ್ಲ ಎಂಬ ಲೆಕ್ಕವನ್ನು ಬಿಟ್ಟುಬಿಡಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅಂಥದ್ದೇ ಲೆಕ್ಕ ಹಾಕಿದಾಗ ಯೇಸು ತಳ್ಳಿಹಾಕಿದರು (ಯೋಹಾನ 9:3). ಆದರೆ ಮುನಿಸು ಪ್ರಾರ್ಥನೆಗೆ ಸಂಬಂಧಿಸಿದ್ದೇ. ಪ್ರಾರ್ಥಿಸಲು ನಿಂತಾಗ ಯಾರ ಮೇಲೆ ಏನಿದ್ದರೂ ಕ್ಷಮಿಸಿರಿ ಎಂದು ಮಾರ್ಕ 11:25ರಲ್ಲಿದೆ. ಮತ್ತಾಯ 5:23-24 ಇನ್ನೂ ಬಿಗಿ: ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿ ಹೋಗು. ಅಲ್ಲಿರುವುದು ‘ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ’ ಎಂದು. ತಪ್ಪು ಅವನದೇ ಎಂದು ನಿಮಗೆ ಅನ್ನಿಸಿದರೂ ಮೊದಲ ಹೆಜ್ಜೆ ನಿಮ್ಮದೇ.

ಹೋಗುವ ಮುಂಚೆ ಕಾನೂನು ತಿಳಿದುಕೊಳ್ಳಿ, ಅರ್ಧ ಜಗಳ ಅಲ್ಲೇ ಇಳಿಯಬಹುದು. ಭಾರತೀಯ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರೆ ಅವರ ಆಸ್ತಿಯಲ್ಲಿ ತಾಯಿಗೆ ಮೂರನೇ ಒಂದು ಭಾಗ, ಉಳಿದ ಮೂರನೇ ಎರಡು ಭಾಗ ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣೆಂಬ ಭೇದವಿಲ್ಲ. ಅಣ್ಣ ತಮ್ಮಂದಿರ ಜಗಳದಲ್ಲಿ ಅಕ್ಕ ತಂಗಿಯರ ಪಾಲು ಮರೆತೇ ಹೋಗಿರುವುದು ಸಾಮಾನ್ಯ. ನಿಮ್ಮ ಕೈಯಲ್ಲಿ ಬೇರೆಯವರದು ಏನಾದರೂ ಉಳಿದಿದ್ದರೆ ಅದನ್ನು ಮೊದಲು ತಿರುಗಿಸಿ. ಮೋಸದಿಂದ ಇಟ್ಟುಕೊಂಡದ್ದಕ್ಕೆ ಅಸಲಿನ ಜೊತೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕೆಂಬುದು ಯಾಜಕಕಾಂಡ 6ರ ನಿಯಮ, ಯೇಸುವನ್ನು ಮನೆಗೆ ಸೇರಿಸಿಕೊಂಡ ಸುಂಕದವ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ.

ಆಮೇಲೆ ಮತ್ತಾಯ 18:15-17ರ ಕ್ರಮ. ಮೊದಲು ಇಬ್ಬರೇ ಮಾತಾಡಿ, ಹೆಂಡತಿ ಮಕ್ಕಳ ಎದುರಿಗೂ ಅಲ್ಲ, ಫೋನಿನಲ್ಲೂ ಅಲ್ಲ. ಮೊದಲ ಭೇಟಿಯಲ್ಲಿ ನಿಮ್ಮ ಕಡೆಯ ಒಂದು ತಪ್ಪನ್ನು ಹೆಸರಿಸಿ ಕ್ಷಮೆ ಕೇಳಿ, ಪಾಲಿನ ಮಾತು ಅಂದೇ ತೆಗೆಯಬೇಡಿ. ಇದು ಕೆಡುವುದು “ಆದರೆ ನೀನೂ” ಎಂದು ಸೇರಿಸಿದಾಗ. ಫಲಿಸದಿದ್ದರೆ ಇಬ್ಬರಿಗೂ ಒಪ್ಪಿಗೆಯಾದ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ನಿಮ್ಮ ಕಡೆಯವರನ್ನಲ್ಲ. ಮೂರನೆಯದಾಗಿ ಸಭೆಯ ಹಿರಿಯರು. ಒಪ್ಪಂದವಾದರೆ ಪಾಲುಪತ್ರ ಬರೆಸಿ ನೋಂದಣಿ ಮಾಡಿಸಿ, ಬಾಯಿಮಾತು ಮುಂದಿನ ತಲೆಮಾರಿಗೆ ಹೊಸ ಜಗಳ. ಕೈಮಾಡುವ ಸ್ವಭಾವದ ಅಣ್ಣನಾದರೆ ಒಬ್ಬರೇ ಹೋಗಬೇಡಿ. ಕ್ಷಮಿಸುವುದೆಂದರೆ ನ್ಯಾಯವಾದ ಪಾಲು ಬಿಟ್ಟುಕೊಡಲೇಬೇಕೆಂದಲ್ಲ. ಬಿಡುವುದು ಲೇಸೆನ್ನಿಸಿದರೆ ಅದು ನಿಮ್ಮ ಸ್ವಂತ ನಿರ್ಧಾರವಾಗಿರಲಿ, ಇನ್ನೊಬ್ಬರ ಬಲವಂತವಾಗದಿರಲಿ.

ಅವನು ಒಪ್ಪದೆಯೂ ಹೋಗಬಹುದು. ಸಾಧ್ಯವಾದರೆ, ನಿಮ್ಮಿಂದಾಗುವಷ್ಟು ಮಟ್ಟಿಗೆ ಎಂದೇ ಪೌಲನೂ ಮಿತಿ ಹಾಕಿ ಬರೆದದ್ದು (ರೋಮಾಪುರ 12:18). ಸ್ನೇಹಿತನ ಮೇಲಿನ ಪ್ರೀತಿಯಿಂದ ಅವನವರನ್ನೂ, ಅವರು ನಮ್ಮನ್ನು ನೋಯಿಸಿದರೂ, ಪ್ರೀತಿಸುತ್ತೇವೆ ಎಂದು ಅಕ್ವಿನಾಸ್ ಹೇಳುವುದು ಇಂಥ ಕಡೆಗೇ ಅನ್ವಯಿಸುತ್ತದೆ. ವಾರದ ಪಟ್ಟಿಯಲ್ಲಿ ಅಣ್ಣನ ಹೆಸರು ಸೇರಿಸಿ. “ಅವನ ಮನಸ್ಸು ಬದಲಾಗಿ ನನ್ನ ಪಾಲು ಕೊಡಲಿ” ಎಂದಲ್ಲ. ಅವನ ಆರೋಗ್ಯ, ಅವನ ದುಡಿಮೆ, ಅವನ ಮಕ್ಕಳ ಓದು, ನಿಮ್ಮ ಮಗನಿಗೆ ಏನೇನು ಕೇಳುತ್ತೀರೋ ಅವೆಲ್ಲವನ್ನೂ ಅವನ ಮಕ್ಕಳಿಗೂ ಕೇಳಿ.